ಅಪ್ಪನ ಬೆನ್ನ ಮೇಲೆ ಕಾಲಿಡದವಳು

ನಿವೃತ್ತಿಯಾದ ಮೇಲೆ ಬೈಯಲು ಮಕ್ಕಳಿಲ್ಲದೆ ನನ್ನ ಬಾಯಿಗೆ ಕೆಲಸವೇ ಇಲ್ಲ. ಮಾಲೂರಿನ ಮನೆಯಲ್ಲಿ ಬೆಳಿಗ್ಗೆ ಕೋಲಾರದ ಬಸ್ಸಿನ ಹಾರನ್ ಕೇಳಿಸಿದರೆ ಈಗಲೂ ಕೈ ಚೀಲಕ್ಕಾಗಿ ತಡಕಾಡುತ್ತದೆ. ಬೆನ್ನುಮೂಳೆಯನ್ನು ಒತ್ತಿ, ತಿರುಗಿಸಿ ನೋವು ಕಳೆಯುವ ಕೈರೋಪ್ರಾಕ್ಟಿಕ್ ವಿದ್ಯೆ ಕಲಿಯಲು ಬರುತ್ತಿದ್ದವರಿಗೆ ಕೋಲಾರದ ಕಾಲೇಜಿನಲ್ಲಿ ನಾನು ರೋಗಗಳ ಪಾಠ ಹೇಳುತ್ತಿದ್ದೆ. ರೋಗ ಹೇಗೆ ಹುಟ್ಟುತ್ತದೆ, ಹೇಗೆ ಬೆಳೆಯುತ್ತದೆ, ಅದನ್ನು ಗುರುತಿಸುವುದು ಹೇಗೆ ಎಂದು. ಮೂಳೆ ಲಟಕ್ಕೆನ್ನಿಸುವ ಉತ್ಸಾಹದಲ್ಲಿ ಬಂದವರಿಗೆ ಕ್ಷಯ, ಗಡ್ಡೆ, ಕೀವು ಎಂದರೆ ಯಾಕೆ ರುಚಿಸೀತು?

ನನ್ನದೊಂದು ಹಟವಿತ್ತು. ರೋಗಿಯ ಕತೆ ಪೂರ್ತಿ ಕೇಳುವ ತನಕ ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಲ್ಲಬೇಕು. "ಲೇ, ಆತುರಗಾರನಿಗೆ ಬುದ್ಧಿ ಮಟ್ಟ. ಮೊದ್ಲು ಕೇಳ್ರೋ, ಆಮೇಲೆ ನೋಡ್ರೋ, ಮುಟ್ಟೋದು ಕೊನೇಗೆ," ಎಂದು ಗದರುತ್ತಿದ್ದೆ. ಹಿಂದಿನ ಬೆಂಚಿನವರು ನನ್ನ ತರಗತಿಗೆ 'ಪೊಲೀಸ್ ಸ್ಟೇಷನ್' ಎಂದು ಹೆಸರಿಟ್ಟಿದ್ದರು. ಗೊತ್ತಿದ್ದೂ ಗೊತ್ತಿಲ್ಲದವಳಂತೆ ಇದ್ದೆ. ಈಗ ಆ ಹೆಸರು ನೆನೆದರೆ ನಗು ಬರುತ್ತದೆ.

ಆವನಿಯ ಪಕ್ಕದ ಹಳ್ಳಿಯಿಂದ ಬರುತ್ತಿದ್ದ ಒಬ್ಬ ಹುಡುಗಿಯಿದ್ದಳು. ಈಗ ಶ್ರೀನಿವಾಸಪುರದಲ್ಲಿ ಅವಳದೇ ಕ್ಲಿನಿಕ್ ಇದೆ. ಮಾವಿನ ಕಾಲದಲ್ಲಿ ತಪ್ಪದೆ ಹಣ್ಣು ಕಳಿಸುತ್ತಾಳೆ. ಹುಟ್ಟುವಾಗ ಅವಳು ಕಾಲು ಮುಂದಾಗಿ ಬಂದವಳು. ನಮ್ಮ ಕಡೆ ಅಂಥವರು ತುಳಿದರೆ ಹಿಡಿದುಕೊಂಡ ಸೊಂಟ ಬಿಡುತ್ತದೆಂದು ನಂಬಿಕೆ. ಕೇಳಿಕೊಂಡು ಬಂದವರಿಗೆ ಇಲ್ಲ ಅನ್ನಕೂಡದು, ಅಂದುಬಿಟ್ಟರೆ ಕಾಲಿನ ಗುಣ ಹೋಗುತ್ತದಂತೆ. ಹಿಪ್ಪುನೇರಳೆ ಸೊಪ್ಪು ಹೊತ್ತು ಸೊಂಟ ಹಿಡಿಸಿಕೊಂಡವರನ್ನೆಲ್ಲ ಅವಳು ಚಿಕ್ಕಂದಿನಿಂದಲೇ ಜಗಲಿಯ ಮೇಲೆ ಮಲಗಿಸಿ ತುಳಿದಿದ್ದಳು. ಇದನ್ನು ಅವಳೇ ಹೇಳಿದಾಗ ತರಗತಿಯೆಲ್ಲ ಗೊಳ್ಳೆಂದಿತು. "ಹಾಗಾದ್ರೆ ಇಲ್ಲಿಗ್ಯಾಕೆ ಬಂದ್ಯೇ, ಬಾ, ನೀನೇ ಪಾಠ ಮಾಡು," ಎಂದೆ. ಅವಳೂ ನಕ್ಕಳು.

ಒಂದು ಭಾನುವಾರ ಬೆಳಿಗ್ಗೆ ಅವಳ ಫೋನು ಬಂತು.

"ಮೇಡಂ, ನಮ್ಮಪ್ಪಂಗೆ ಬೆನ್ನು ನೋವು. ತುಳಿ ಅಂತ ಮಲಗವ್ರೆ. ನಾನು ಆಗಲ್ಲ ಅಂದ್ಬಿಟ್ಟೆ."

"ಯಾಕೆ?"

"ಸಂಜೆಯಾದ್ರೆ ಜ್ವರ ಬರುತ್ತಂತೆ, ಯಾರಿಗೂ ಹೇಳಿಲ್ಲ. ಅಂಗಿಯೆಲ್ಲ ದೊಗಳೆ ಆಗಿದೆ. ಟವೆಲ್ ಬಿದ್ರೆ ಬಗ್ಗಲ್ಲ ಮೇಡಂ, ಬೆನ್ನು ನೆಟ್ಟಗಿಟ್ಕೊಂಡು ಕುಕ್ಕರಗಾಲಲ್ಲಿ ಕೂತು ಎತ್ಕೊಂತಾರೆ. ಆಮೇಲೆ ಮುಟ್ಟಿ ನೋಡ್ದೆ. ಬೆನ್ನಲ್ಲಿ ಒಂದು ಕಡೆ ಮೂಳೆ ಉಬ್ಬಿದೆ."

"ಏನಿರ್ಬೋದು?"

"ಮೂಳೆಗೆ ಟಿಬಿ. ತುಳಿದು ಮೂಳೆ ಕುಸಿದ್ರೆ ಬೆನ್ನುಹುರಿ ಒತ್ಕೊಂಡು ಅಪ್ಪನ ಕಾಲೆರಡೂ ಹೋಗ್ತವೆ ಮೇಡಂ."

ಹಿಂದಿನಿಂದ ಅವಳ ಅಜ್ಜಿಯ ಕೂಗು ಕೇಳುತ್ತಿತ್ತು, ತೆಲುಗು ಕನ್ನಡ ಎರಡೂ ಬೆರೆಸಿ. "ಏಮೇ, ಊರೋರ್ನೆಲ್ಲ ತುಳಿದೋಳು ಹೆತ್ತಪ್ಪಂಗೆ ಆಗಲ್ಲ ಅಂತೀಯಾ? ಓದಿದ್ದು ತಲೇಗೇರ್ತಾ?"

ರೋಗಿಯನ್ನು ನಾನು ಕಣ್ಣಲ್ಲಿ ಕಂಡಿಲ್ಲ. ಅದು ಬರೀ ಉಳುಕೇ ಆಗಿಬಿಟ್ಟರೆ ಆ ಮನೆಯಲ್ಲಿ ಅವಳು ಮತ್ತೆ ತಲೆ ಎತ್ತುವಂತಿಲ್ಲ. ಆದರೂ ಹೇಳಿದೆ: "ಯಾರೂ ಕಾಲಿಡ್ಬಾರ್ದು ಕಣೇ. ಅಲುಗಿಸ್ದೆ ಮಲಗಿಸ್ಕೊಂಡು ಕೋಲಾರಕ್ಕೆ ಕರ್ಕೊಂಡು ಬಾ."

ಅಜ್ಜಿ ದಾರಿಯುದ್ದಕ್ಕೂ ಬೈದುಕೊಂಡೇ ಬಂದರಂತೆ. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಅಕ್ಕಪಕ್ಕದ ಎರಡು ಮೂಳೆಗಳನ್ನು ಕ್ಷಯ ತಿಂದುಹಾಕಿತ್ತು. ಕೀವು ಬೆನ್ನುಹುರಿಯ ಪಕ್ಕಕ್ಕೇ ಬಂದಿತ್ತು. ಅಲ್ಲಿನ ವೈದ್ಯರು ಅಜ್ಜಿಯನ್ನು ಕೂರಿಸಿಕೊಂಡು ತೆಲುಗಿನಲ್ಲೇ ಬಿಡಿಸಿ ಹೇಳಿದರು. ಔಷಧಿಗೆ ವಾಸಿಯಾಗುತ್ತದೆ, ಮಗ ಮೊದಲಿನಂತೆ ಓಡಾಡುತ್ತಾನೆ, ಬೆನ್ನ ಮೇಲೆ ಭಾರ ಬಿದ್ದಿದ್ದರೆ ಮಾತ್ರ ಕತೆ ಬೇರೆಯಾಗುತ್ತಿತ್ತು.

ಮಧ್ಯಾಹ್ನ ನಾನು ಹೋದಾಗ ಹುಡುಗಿ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಬೆಳಗಿನಿಂದ ಓಡಾಡಿ ಅವಳ ಕಾಲುಗಳು ಬಾತುಕೊಂಡಿದ್ದವು. "ಸರಿಯಾಗಿ ನೋಡಿದೆ ಕಣೇ," ಎಂದೆ. ಅಷ್ಟು ವರ್ಷ ಪಾಠ ಹೇಳಿದ್ದರಲ್ಲಿ ಅಂಥ ಹೆಮ್ಮೆ ನನಗೆ ಇನ್ನೊಂದು ಸಲ ಆಗಿಲ್ಲ. ಅಷ್ಟರಲ್ಲಿ ಅಜ್ಜಿ ಒಳಗಿನಿಂದ ಬಂದು ಅವಳ ಪಕ್ಕದಲ್ಲಿ ಕೂತರು. ಯಾರನ್ನೂ ನೋಡದೆ ಮೊಮ್ಮಗಳ ಎರಡೂ ಪಾದಗಳನ್ನು ಎತ್ತಿ ಮಡಿಲಿಗಿಟ್ಟುಕೊಂಡು ಒತ್ತತೊಡಗಿದರು.

ಹುಡುಗಿ ಗಾಬರಿಯಿಂದ ಕಾಲು ಎಳೆದುಕೊಳ್ಳಲು ನೋಡಿದಳು. "ಬಿಡಜ್ಜೀ, ದೊಡ್ಡೋಳು ನೀನು, ನನ್ನ ಕಾಲು ಮುಟ್ತೀಯಾ? ಎಲ್ರೂ ನೋಡ್ತವ್ರೆ."

ಅಜ್ಜಿ ಬಿಡಲಿಲ್ಲ. "ನೋಡ್ಲಿ ಬಿಡೇ. ನಾನೇ ಇಡಿಸ್ಬಿಡ್ತಿದ್ನಲ್ಲೇ ಇವನ್ನ, ನನ್ಮಗನ ಬೆನ್ ಮೇಲೆ."