ಗಟ್ಟಿ ಓದು

ಪುಸ್ತಕದೊಳಗಿನ ತಾಯಂದಿರಿಗಾಗಿ ಅಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಸಂಸಾರದ ಕಷ್ಟದ ಕಾದಂಬರಿಯೋ ಆತ್ಮಕಥೆಯೋ ಸಿಕ್ಕರೆ ಸಾಕು, ಅಂತರಸನಹಳ್ಳಿಯ ಕೆಲಸಕ್ಕೆ ಹೋಗುವ ಬಸ್ಸಿನಲ್ಲೂ ಕಣ್ಣೊರೆಸಿಕೊಳ್ಳುತ್ತಾ ಕೂತಿರುತ್ತೇನೆ. "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಹೆಂಡತಿ ಛೇಡಿಸುತ್ತಾಳೆ. ಅವಳಿಗದು ತಮಾಷೆ.

ಅಮ್ಮ ಗುಬ್ಬಿಯಲ್ಲಿ ತಂಗಿಯ ಮನೆಯಲ್ಲಿದ್ದಾಳೆ. ಶುಗರಿನಿಂದ ಅವಳ ಕಣ್ಣು ಮಂಜಾದ ಮೇಲೆ ಭಾನುವಾರ ಹೋಗಿ ಓದಿ ಹೇಳುವುದು ನನ್ನ ಪಾಲಿಗೆ ಬಂತು. ಆವತ್ತು ಒಬ್ಬ ಹೆಂಗಸು ತನ್ನ ತಾಯಿಯ ಬಗ್ಗೆ ಬರೆದ ನೆನಪುಗಳನ್ನು ಓದುತ್ತಿದ್ದೆ. ಆ ತಾಯಿಯ ಗಂಡ ಬೆಲ್ಟು ಬಿಚ್ಚುವ ಜಾಗ ಬಂದಾಗ ಎರಡು ಹಾಳೆ ಒಟ್ಟಿಗೆ ತಿರುವಿಬಿಟ್ಟೆ.

"ಹಾರಿಸ್ದೆ ಅಲ್ವಾ? ಈಗಿನ್ನೂ ಬೆಲ್ಟ್ ಬಿಚ್ತಿದ್ದ, ಆಗ್ಲೇ ಊಟಕ್ಕೆ ಕೂತವ್ರಾ? ಸರ್ಯಾಗಿ ಓದು," ಎಂದಳು ಅಮ್ಮ.

ಹಿಂದಕ್ಕೆ ಹೋಗಿ ಓದಿದೆ. ನಾಲ್ಕು ಸಾಲು ಮುಗಿಯುವಷ್ಟರಲ್ಲಿ ನನ್ನ ದನಿ ತಾನಾಗಿಯೇ ಏರಿತ್ತು.

"ಯಾಕೋ ಹಂಗ್ ಕೂಗ್ತೀಯ? ನಿಮ್ಮಪ್ಪ ಹೋಗಿ ಆರ್ ವರ್ಷ ಆಯ್ತು."

ಪುಸ್ತಕ ಮಡಿಲಿಗಿಳಿಸಿದೆ. ಕುಣಿಗಲ್ಲಿನಲ್ಲಿ ನಾವು ಬಾಡಿಗೆಗಿದ್ದದ್ದು ಗೋಡೆಗೆ ಗೋಡೆ ಅಂಟಿದ ವಠಾರದಲ್ಲಿ. ಅಮ್ಮನ ಮೇಲೆ ಕೈ ಮಾಡುವ ಮೊದಲು ಅಪ್ಪ ನನ್ನನ್ನು ಹೊರಗೆ ಜಗಲಿಯಲ್ಲಿ ಕೂರಿಸಿ, "ಗಟ್ಟಿಯಾಗಿ ಓದ್ಲಾ" ಎನ್ನುತ್ತಿದ್ದರು. ನಾನು ಪಾಠ ಓದುತ್ತಿದ್ದೆ. ಒಳಗೆ ಪಾತ್ರೆ ಉರುಳಿದರೆ ಇನ್ನೂ ಗಟ್ಟಿಯಾಗಿ. ಹುಡುಗ ಬಲು ಜಾಣ ಎಂದು ವಠಾರದವರು ಹೊಗಳುತ್ತಿದ್ದರು. ಶಾಲೆಯಲ್ಲಿ ವಾಚನಕ್ಕೆ ಬಹುಮಾನವೂ ಬಂತು. ಚಿಕ್ಕವನಿದ್ದೆ, ಏನೂ ತಿಳಿಯುತ್ತಿರಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಶುದ್ಧ ಸುಳ್ಳು. ಕೊನೆಕೊನೆಗೆ ಅಪ್ಪ ಹೇಳುವುದೇ ಬೇಕಿರಲಿಲ್ಲ. ಅವರು ಬಾಗಿಲು ಹಾಕಿದ ಕೂಡಲೇ ನಾನೇ ಪುಸ್ತಕ ತೆಗೆಯುತ್ತಿದ್ದೆ. ಅಕ್ಕಪಕ್ಕದವರಿಗೆ ಕೇಳಿಸಿದರೆ ಮಾನ ಹೋಗುತ್ತದೆಂಬ ನಾಚಿಕೆ ನನಗೆ.

ಇದು ಅಮ್ಮನಿಗೆ ಗೊತ್ತೇ ಎಂಬ ಭಯ ನನ್ನನ್ನು ಎಂದೂ ಬಿಟ್ಟಿರಲಿಲ್ಲ. ಆವತ್ತು ಹೇಳಿಬಿಟ್ಟೆ: "ಒಳಗೆ ಏನಾಗ್ತಿದೆ ಅಂತ ನಂಗೆ ಗೊತ್ತಿತ್ತಮ್ಮ. ಯಾರಿಗೂ ಕೇಳಿಸ್ಬಾರ್ದು ಅಂತ್ಲೇ ಓದ್ತಿದ್ದೆ."

ಅಮ್ಮ ಸೆರಗಿನ ಅಂಚು ತೀಡಿಕೊಂಡಳು.

"ಗೊತ್ತು ಕಣೋ. ಯಾರಾದ್ರೂ ಬಂದು ಬುಡಿಸ್ಲಿ ಅಂತ ನಾನೂ ಕೂಗ್ತಿದ್ದೆ. ನಿನ್ ದನೀನೇ ಮೇಲಾಗ್ತಿತ್ತು."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. "ಇರ್ಲಿ ಬುಡು. ಆಮೇಲೆ ಆ ಹೆಂಗ್ಸಿಗೆ ಏನಾಯ್ತು, ಓದು," ಎಂದಳು.

ಪುಟ ನೋಡಿದೆ. ಕೂಗು ಕೇಳಿ ಪಕ್ಕದ ಮನೆಯವರು ಬಾಗಿಲು ಒಡೆದು ಬಂದಿದ್ದರು. ಅದನ್ನು ಓದಿ ಹೇಳಲು ನನಗೆ ಬಾಯಿ ಬರಲಿಲ್ಲ.