ಟಾರ್ಚಕ್ಕ ಮತ್ತು ಒಣಗಿದ ಹೂಕುಂಡ

ರಕ್ತದ ಕ್ಯಾನ್ಸರಿನ ಮಕ್ಕಳ ವಾರ್ಡಿನಲ್ಲಿ ಇಪ್ಪತ್ತೆರಡು ವರ್ಷ ಆಯಾ ಆಗಿದ್ದವಳಿಗೆ ಎಲ್ಲರೂ ಟಾರ್ಚಕ್ಕ ಅಂತಲೇ ಅನ್ನುತ್ತಿದ್ದರು. ಬೆಳಗಾದರೆ ಜೇಬಿನಿಂದ ಸಣ್ಣ ಟಾರ್ಚು ತೆಗೆದು ಒಂದೊಂದೇ ಹಾಸಿಗೆಗೆ ಹೋಗಿ ಮಕ್ಕಳ ಬಾಯಿ ನೋಡುವುದು ಅವಳ ಕೆಲಸ. ಅವಳ ಬಾಯಲ್ಲಿ ಉಳಿದಿದ್ದದ್ದು ಏಳೇ ಹಲ್ಲು. "ನಂದು ಹೋದದ್ದು ಹೋಯ್ತು, ನಿಂದು ತೋರ್ಸು ಕಂದಾ" ಅಂದರೆ ಎಂಥ ಹಟಮಾರಿಯೂ 'ಆ' ಅಂತ ಬಾಯಿ ತೆರೆಯಬೇಕು.

ಮಕ್ಕಳ ಜೊತೆ ಬರುವ ದೊಡ್ಡವರನ್ನು ಕಂಡರೆ ಮಾತ್ರ ಅವಳಿಗೆ ಅಷ್ಟಕ್ಕಷ್ಟೆ. ಅಲ್ಲದೆ ಇನ್ನೇನು? ಔಷಧಿಗಳ ಹೆಸರನ್ನು ಗಿಳಿಪಾಠದಂತೆ ಒಪ್ಪಿಸುವ ಜಾಣರು ಬಾಯಿ ಮುಕ್ಕಳಿಸುವ ಉಪ್ಪು-ಸೋಡಾ ನೀರು ಕಂಡರೆ ಮೂಗು ಮುರಿಯುತ್ತಿದ್ದರು.

ಆ ಸಲ ಕಿಟಕಿ ಪಕ್ಕದ ಹಾಸಿಗೆಗೆ ಆರು ವರ್ಷದ ಪುಟ್ಟಿ ಬಂದಳು. ಜೊತೆಗಿದ್ದ ಅಪ್ಪ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. ಟಾರ್ಚಕ್ಕ ಮೆತ್ತನೆ ಬ್ರಷ್ಷು, ಉಪ್ಪು-ಸೋಡಾ ನೀರಿನ ಲೋಟ ಮುಂದಿಟ್ಟಳು.

"ದಿನಕ್ಕೆ ನಾಕು ಸಲ ಮುಕ್ಕಳಿಸ್ಬೇಕು ಮೇಷ್ಟ್ರೇ. ಕೀಮೋ ಮೈಗೆ ಹೋದ್ಮೇಲೆ ಮಗೂಗೆ ಸೋಂಕಿನ ಜೊತೆ ಗುದ್ದಾಡೋ ಶಕ್ತಿ ಇರಲ್ಲ. ಬಾಯಲ್ಲಿ ಹುಣ್ಣಾದ್ರೆ ಸೋಂಕು ಅಲ್ಲಿಂದ್ಲೇ ರಕ್ತಕ್ಕೆ ನುಗ್ಗುತ್ತೆ."

"ಅಡುಗೆಮನೆ ಸಾಮಾನಲ್ಲಿ ಕ್ಯಾನ್ಸರ್ ವಾಸಿ ಮಾಡ್ತೀರೇನಮ್ಮಾ?" ಮೇಷ್ಟ್ರು ನಕ್ಕರು.

"ವಾಸಿ ಮಾಡೋರು ಡಾಕ್ಟ್ರು. ನಾನು ಬಾಗಿಲು ಕಾಯೋಳು."

ಮುಕ್ಕಳಿಸಿದರೆ ಪುಟ್ಟಿಗೆ ವಾಕರಿಕೆ, ಅಳು. ಮಗಳ ಕಣ್ಣಲ್ಲಿ ನೀರು ಕಂಡರೆ ಮೇಷ್ಟ್ರು ಓದಿದ್ದೆಲ್ಲ ಎತ್ತಲೋ ಹಾರಿಹೋಗುತ್ತಿತ್ತು. ಲೋಟದ ನೀರನ್ನು ಕಿಟಕಿಯಾಚೆಯ ಹೂಕುಂಡಕ್ಕೆ ಸುರಿದು, "ಮುಕ್ಕಳಿಸಿದ್ಲಮ್ಮಾ" ಅನ್ನುವರು. ಟಾರ್ಚು ಹತ್ತಿರ ಬಂದರೆ, "ಈಗಷ್ಟೇ ಮಲಗಿದಾಳೆ, ಎಬ್ಬಿಸ್ಬೇಡಿ."

ಎಂಟನೇ ದಿನ ಟಾರ್ಚಕ್ಕ ಕಿಟಕಿ ಒರೆಸುವಾಗ ಗಿಡ ಸೊರಗಿ ಜೋತುಬಿದ್ದಿತ್ತು. ಕುಂಡದ ಮಣ್ಣಿನ ಮೇಲೆ ಬೆಳ್ಳಗೆ ಉಪ್ಪು ಪದರುಗಟ್ಟಿತ್ತು. ಅದು ಏನೆಂದು ತಿಳಿಯಲು ಅವಳಿಗೆ ರಸಾಯನಶಾಸ್ತ್ರ ಬೇಕಾಗಲಿಲ್ಲ.

"ಗಿಡದ ಬಾಯಿ ಬಲು ಚೊಕ್ಕಟವಾಗಿದೆ ಮೇಷ್ಟ್ರೇ. ಈಗ ಮಗೂದು ನೋಡೋಣ."

ಪುಟ್ಟಿಯ ವಸಡು ಕೆಂಪಗೆ ಊದಿತ್ತು. ನಾಲಿಗೆಯಡಿ ಹುಣ್ಣು. ಹಣೆ ಮುಟ್ಟಿದರೆ ಕಾದ ಕಾವಲಿ. ಟಾರ್ಚಕ್ಕ ಬೈಯಲೂ ನಿಲ್ಲದೆ ನರ್ಸಮ್ಮನ ಹತ್ತಿರ ಓಡಿದಳು. ರಕ್ತ ತೆಗೆದರು, ಡ್ರಿಪ್ ಹಾಕಿದರು, ಮುಂದಿನ ಕೀಮೋ ಮುಂದಕ್ಕೆ ಹೋಯಿತು. ಮೂರು ದಿನ ಮೇಷ್ಟ್ರು ಮಗಳ ಕಾಲು ಹಿಡಿದುಕೊಂಡು ಕೂತರು. ಲೆಕ್ಚರು ಬಂದ್.

ನಾಲ್ಕನೇ ದಿನ ಜ್ವರ ಇಳಿಯಿತು. ಟಾರ್ಚಕ್ಕ ಎರಡು ಲೋಟ ತಂದಳು.

"ಒಂದು ನಿಮ್ಗೆ."

ಮೇಷ್ಟ್ರು ಮುಕ್ಕಳಿಸಿ, ಮುಖ ಕಿವುಚಿ ಉಗಿದರು. ಅದನ್ನು ನೋಡಿ ಪುಟ್ಟಿಗೆ ನಗು ತಡೆಯಲಾಗಲಿಲ್ಲ. ತಾನೂ ಒಂದು ಗುಟುಕು ತೆಗೆದುಕೊಂಡು ಅಳದೆ ಮುಕ್ಕಳಿಸಿದಳು. ಆಮೇಲೆ ಟಾರ್ಚು ಇಸಕೊಂಡು ಅಪ್ಪನ ಬಾಯಿಗೆ ಹಿಡಿದಳು.

"ಅಕ್ಕಾ, ಅಪ್ಪಂಗೆ ಹುಳುಕು ಹಲ್ಲಿದೆ."

"ಇರುತ್ತೆ ಕಂದಾ. ಬುದ್ಧಿ ಹೇಳೋಕೆ ಮಾತ್ರ ಇಟ್ಕೊಂಡಿರೋ ಬಾಯಿ ಅದು."

ಮೇಷ್ಟ್ರು ಮತ್ತೆ ಲೋಟ ಎತ್ತಿದರು. ಎರಡನೇ ಗುಟುಕು ಬಾಯಿ ತುಂಬಿತು.