ಹೆಬ್ಬೆರಳು ಬಿಳಿಚಿದ ಮುಂಜಾನೆ

ಬೀಡಿ ಕಟ್ಟುವವರಿಗೆ ಹೆಬ್ಬೆರಳು ಹೋದರೆ ಅನ್ನವೇ ಹೋದಂತೆ. ನಿಪ್ಪಾಣಿಯಲ್ಲಿ, ಬೀಡಿ ಕಟ್ಟುವ ಅವ್ವನ ಪಕ್ಕದಲ್ಲಿ ಎಲೆ ಕತ್ತರಿಸುತ್ತ ಬೆಳೆದ ನನಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಮೇವು ಕತ್ತರಿಸುವ ಮಶೀನಿಗೆ ಸಿಕ್ಕು ತುಂಡಾದ ಹೆಬ್ಬೆರಳನ್ನು ಚೀಲದಲ್ಲಿ ಹಾಕಿಕೊಂಡು, ಬೋರಗಾಂವದ ಬೀಡಿ ಕಟ್ಟುವ ಅಕ್ಕನೊಬ್ಬಳು ಗಂಡನ ಜೊತೆ ನಮ್ಮ ಆಸ್ಪತ್ರೆಗೆ ಬಂದಾಗ ಅಳುತ್ತಿರಲಿಲ್ಲ.

"ಬೀಡಿ ಕಟ್ಟಾಕ ಬರತೈತೇನ್ರಿ ಸಾಹೇಬ್ರ?" ಎಂದಷ್ಟೇ ಕೇಳಿದಳು.

"ಮೊದಲ ಈ ಬೆರಳ ಉಳೀಲಿ ಅಕ್ಕಾ," ಅಂದೆ.

ಕೂದಲಿಗಿಂತ ತೆಳ್ಳನೆಯ ದಾರದಿಂದ ರಕ್ತನಾಳ ಹೊಲಿದು, ರಕ್ತ ತಡೆದು ಹಿಡಿದಿದ್ದ ಕ್ಲಿಪ್ಪು ಬಿಚ್ಚಿದೆ. ಬೂದಿಯಂತಿದ್ದ ಬೆರಳು ನೋಡನೋಡುತ್ತಿದ್ದಂತೆ ಕೆಂಪೇರಿತು. ಎಷ್ಟು ಸಲ ಕಂಡಿದ್ದರೂ ಆ ಗಳಿಗೆಗೆ ನನ್ನ ಮೈ ಜುಂ ಎನ್ನುತ್ತದೆ. ಇದು ನನ್ನ ಕೈಚಳಕ ಎಂದು ಹೇಳಿಕೊಳ್ಳಲು ಬಾಯೇ ಬರುವುದಿಲ್ಲ.

ಮರುದಿನ ಬೆಳಿಗ್ಗೆ ನರ್ಸು ಓಡಿ ಬಂದಳು. ಬೆರಳು ಮತ್ತೆ ಬಿಳಿಚಿಕೊಂಡಿತ್ತು! ಪಟ್ಟಿ ಸಡಿಲಿಸಿದೆ, ಔಷಧ ನೋಡಿದೆ, ಎಲ್ಲ ಸರಿಯಿತ್ತು. ತಂಬಾಕು ರಕ್ತನಾಳವನ್ನು ಹಿಂಡುತ್ತದೆ, ಇಂಥ ಬೆರಳಿಗೆ ಅದು ವಿಷ. ನನಗೋ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ.

"ತಂಬಾಕ ತಿಂದಿಯೇನ?" ಎಂದು ಗದರಿದೆ.

"ನಮ್ಮವ್ವನಾಣಿ ಇಲ್ರಿ!"

"ಅಕಿ ಎಂದೂ ತಿಂದಾಕಿ ಅಲ್ರಿ," ಎಂದ ಗಂಡ, ಮುಖ ಸಣ್ಣದು ಮಾಡಿಕೊಂಡು.

ಆದರೆ ಆಕೆ ಆಣೆ ಹಾಕಲು ಬಾಯಿ ತೆರೆದಾಗಲೇ ಸುಟ್ಟ ವಾಸನೆಯೊಂದು ಮೂಗಿಗೆ ಬಡಿದಿತ್ತು. ಮಿಶ್ರಿ! ತಂಬಾಕನ್ನು ಕರ್ರಗೆ ಹುರಿದು ಮಾಡಿದ ಪುಡಿ. ನಮ್ಮ ಕಡೆಯ ಹೆಂಗಸರು ಅದರಿಂದ ಹಲ್ಲು ತಿಕ್ಕುತ್ತಾರೆ, ಅದನ್ನು ತಂಬಾಕಿನ ಲೆಕ್ಕಕ್ಕೇ ಹಿಡಿಯುವುದಿಲ್ಲ. ರೊಟ್ಟಿ ಇಲ್ಲದ ಮುಂಜಾನೆ ಅವ್ವ ನನ್ನ ಅಂಗೈಗೂ ಒಂದು ಚಿಟಿಕೆ ಹಾಕುತ್ತಿದ್ದಳು. ತಲೆ ಗಿರ್ರೆಂದು ಹಸಿವು ಸಾಯುತ್ತಿತ್ತು. ಹಾಗೆ ಹಸಿವು ಸಾಯಿಸಿಕೊಂಡು ಶಾಲೆಗೆ ಹೋದವನು ನಾನು. ಬೀಡಿ ಕಟ್ಟಿ ಕಟ್ಟಿಯೇ ಅವ್ವ ನನ್ನನ್ನು ಸರ್ಜನ್ ಮಾಡಿದಳು. ಹೇಗೆ ಮಾಡಿದಳೋ, ನೆನೆದರೆ ಇವತ್ತಿಗೂ ದಂಗಾಗುತ್ತೇನೆ.

"ಮಿಶ್ರಿ ಹಚ್ಚಿದೆಯೇನ ಅಕ್ಕಾ?"

"ಹೂನ್ರಿ. ಹಲ್ಲರೆ ತಿಕ್ಕಬಾರದೇನ್ರಿ?"

ನನ್ನ ಸಿಟ್ಟು ಇಳಿಯಿತು. ಬಾಯಿ ಮುಕ್ಕಳಿಸಲು ಹೇಳಿದೆ, ಕೈ ಬೆಚ್ಚಗೆ ಸುತ್ತಿಸಿದೆ, ರಕ್ತನಾಳ ಸಡಿಲಾಗುವ ಔಷಧ ಕೊಟ್ಟೆ. ಇನ್ನು ಕಾಯುವುದು. ಹೊರಗೆ ರೋಗಿಗಳು ಗೊಣಗುತ್ತಿದ್ದರೂ ಮಧ್ಯಾಹ್ನದವರೆಗೆ ಆಕೆಯ ಮಂಚದ ಪಕ್ಕದಿಂದ ಏಳಲಿಲ್ಲ. ಈ ಬೆರಳು ಕಪ್ಪಾದರೆ ಕತ್ತರಿಸಿ ತೆಗೆಯಬೇಕಾದವನೂ ನಾನೇ. ನಿಜ ಹೇಳುತ್ತೇನೆ, ಹೆದರಿದ್ದೆ.

ಕೊನೆಗೆ, ರಕ್ತ ಹರಿಯುತ್ತಿದೆಯೇ ಎಂದು ನೋಡಲು ಬೆರಳಿನ ತುದಿಗೆ ಸೂಜಿ ಚುಚ್ಚಿದೆ. ನರ ಇನ್ನೂ ಕೂಡಿರಲಿಲ್ಲ, ಚುಚ್ಚಿದ್ದು ಆಕೆಗೆ ಗೊತ್ತೂ ಆಗಲಿಲ್ಲ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕೆಂಪು ಹನಿಯೊಂದು ಮೆಲ್ಲಗೆ ಮೂಡಿ ನಿಂತಿತು.

"ಉಳೀತ ಅಕ್ಕಾ," ಅಂದೆ.

ಗಂಡ ನನಗೆ ಕೈ ಮುಗಿದ. ನಾನು ಆ ಹನಿಗೆ ಕೈ ಮುಗಿದೆ.